ವ್ಯಾಯಾಮದ ವಿಡಿಯೊ: ನಿಲ್ಲಿಸುವ ಗುಂಡಿ ನಮ್ಮ ಕೈಯಲ್ಲಿರಲಿ



ಕಳೆದ ಕಾರ್ತಿಕ ಮಾಸದ ಒಂದು ಸಂಜೆ ರಾಜಾಜಿನಗರದ ನನ್ನ ಚಿಕಿತ್ಸಾಲಯಕ್ಕೆ ಅರವತ್ತೊಂದು ವರ್ಷದ ನಿವೃತ್ತ ಶಿಕ್ಷಕಿಯೊಬ್ಬರು ಬಂದರು. ಬಲಭುಜವನ್ನು ಎಡಗೈಯಿಂದ ಹಿಡಿದುಕೊಂಡೇ ಒಳಗೆ ಬಂದ ಅವರಿಗೆ ತಲೆ ಬಾಚಿಕೊಳ್ಳುವುದೂ ಮೇಲಿನ ಕಪಾಟಿನಿಂದ ಡಬ್ಬಿ ಇಳಿಸುವುದೂ ಕಷ್ಟವಾಗಿತ್ತು. ಎಲ್ಲಿಯಾದರೂ ಬಿದ್ದಿರಾ ಎಂದು ಕೇಳಿದೆ. ಬಿದ್ದಿರಲಿಲ್ಲ. ಭಾರವೇನಾದರೂ ಎತ್ತಿದಿರಾ ಎಂದೆ. ಅದೂ ಇಲ್ಲ. ಸ್ವಲ್ಪ ಸಂಕೋಚದಿಂದ ಅವರು ನಿಜವನ್ನು ಹೇಳಿದರು.

ತಾಯಿಯ ಮಧುಮೇಹ ಹತೋಟಿಗೆ ಬರಲೆಂದು ಅಮೆರಿಕದಲ್ಲಿರುವ ಮಗ 4,800 ರೂಪಾಯಿ ಕೊಟ್ಟು ವ್ಯಾಯಾಮದ ವಿಡಿಯೊ ಪಾಠಗಳನ್ನು ಕೊಂಡು, ಅವರ ಮೊಬೈಲಿಗೆ ಕಳುಹಿಸಿದ್ದನಂತೆ. ತಾಯಿ ಪ್ರತಿದಿನ ಬೆಳಗ್ಗೆ ಮೊಬೈಲನ್ನು ನೆಲದ ಮೇಲೆ ಒಂದು ಡಬ್ಬಿಗೆ ಒರಗಿಸಿಟ್ಟು, ಕತ್ತು ಬಗ್ಗಿಸಿ, ಕನ್ನಡಕವನ್ನು ಸರಿಪಡಿಸಿಕೊಳ್ಳುತ್ತಾ ಅಭ್ಯಾಸ ಮಾಡುತ್ತಿದ್ದರು. ಹನ್ನೊಂದನೆಯ ದಿನ, ಎರಡೂ ಅಂಗೈಗಳನ್ನು ನೆಲಕ್ಕೂರಿ ದೇಹವನ್ನು ಹಲಗೆಯಂತೆ ನೇರವಾಗಿ ಹಿಡಿಯುವ ಭಂಗಿ ಬಂದಿತು. ತೆರೆಯ ಮೇಲಿನ ಶಿಕ್ಷಕಿ ಹಾಗೆಯೇ ನಿಂತರು, ಇವರೂ ನಿಂತರು. ಶಿಕ್ಷಕಿ ಅಲುಗಾಡಲಿಲ್ಲ, ಇವರೂ ಅಲುಗಾಡಲಿಲ್ಲ. ಭುಜ ಉರಿಯತೊಡಗಿದ ಮೇಲೆ, ಕೊನೆಗೆ ಕೈ ಸೋತು ಕುಸಿದಾಗಲೇ ಅವರಿಗೆ ತಿಳಿದದ್ದು, ನಿಂತದ್ದು ಶಿಕ್ಷಕಿಯಲ್ಲ, ಇಂಟರ್‌ನೆಟ್ ಎಂದು.

ಇದನ್ನು ಹೇಳುವಾಗ ಅವರೂ ನಕ್ಕರು, ನಾನೂ ನಕ್ಕೆ. ಆದರೆ ಮುಂದಿನ ಮಾತು ನಗುವಂಥದ್ದಾಗಿರಲಿಲ್ಲ. ನೋವು ಆರಂಭವಾದ ಮೇಲೂ ಅವರು ಎರಡು ವಾರ ಅಭ್ಯಾಸವನ್ನು ಮುಂದುವರಿಸಿದ್ದರು. "ಏನು ಮಾಡಲಿ ಡಾಕ್ಟರೇ, ತೊಂಬತ್ತು ದಿನ ಕಳೆದರೆ ವಿಡಿಯೊ ತೆರೆಯುವುದೇ ಇಲ್ಲವಂತೆ. ಮಗ ಅಷ್ಟು ದುಡ್ಡು ಕೊಟ್ಟಿದ್ದಾನೆ. ಅಷ್ಟರೊಳಗೆ ಮುಗಿಸಬೇಕಲ್ಲ" ಎಂದರು.

ಆ ಒಂದು ಮಾತೇ ಈ ಲೇಖನಕ್ಕೆ ಕಾರಣ. ಭುಜಕ್ಕೆ ಪೆಟ್ಟು ಬಿದ್ದದ್ದು ವ್ಯಾಯಾಮದಿಂದ ಮಾತ್ರವಲ್ಲ, ಅವಧಿ ಮುಗಿಯುತ್ತದೆಂಬ ಭಯದಿಂದಲೂ ಹೌದು. ಹಣ ಕೊಟ್ಟು ಕೊಂಡ ಪಾಠ ನಮ್ಮದಾಗಿರದೆ, ನಾವೇ ಅದರ ಅಧೀನರಾಗಿದ್ದೆವು. ವ್ಯಾಯಾಮದ ವಿಡಿಯೊವನ್ನು ಕೊಳ್ಳುವುದಾದರೆ ಅದು ಮನೆಯಲ್ಲಿ ಉಳಿಯುವಂತಿರಬೇಕು, ದೊಡ್ಡ ತೆರೆಯ ಮೇಲೆ ನೋಡುವಂತಿರಬೇಕು, ಬೇಕೆಂದಾಗ ನಿಲ್ಲಿಸುವಂತಿರಬೇಕು. ಇದು ಯಂತ್ರದ ವಿಷಯವೆಂದು ಮಕ್ಕಳಿಗೆ ಬಿಟ್ಟುಬಿಡುವ ಸಂಗತಿಯಲ್ಲ, ಆರೋಗ್ಯದ ವಿಷಯ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗುರುವಿನಿಂದ ದೂರವಿದ್ದು ಕಲಿಯುವುದು ಹೊಸದೇನಲ್ಲ

ಗುರುವಿನ ಎದುರಿನಲ್ಲಿಯೇ ಕಲಿಯಬೇಕು, ವಿಡಿಯೊ ನೋಡಿ ಕಲಿಯುವುದೆಲ್ಲ ವ್ಯರ್ಥ ಎಂದು ವಾದಿಸುವ ಹಿರಿಯರಿದ್ದಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ನಾಡಿನ ಇತಿಹಾಸ ಬೇರೊಂದು ಮಾತನ್ನೂ ಹೇಳುತ್ತದೆ. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯನ್ನು ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರು 1934ರಲ್ಲಿ 'ಯೋಗ ಮಕರಂದ'ವನ್ನು ಕನ್ನಡದಲ್ಲಿಯೇ ಪ್ರಕಟಿಸಿದರು. 1938ರಲ್ಲಿ ಅವರದೂ ಅವರ ಶಿಷ್ಯರಾದ ಬಿ.ಕೆ.ಎಸ್. ಅಯ್ಯಂಗಾರ್ಯರದೂ ಆಸನಗಳನ್ನು ಚಲನಚಿತ್ರದಲ್ಲಿ ಸೆರೆಹಿಡಿಯಲಾಯಿತು. ಧ್ವನಿಯಿಲ್ಲದ ಆ ಕಪ್ಪುಬಿಳುಪು ಚಿತ್ರವನ್ನು ಇಂದಿಗೂ ನೋಡಬಹುದು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿದ ಅಯ್ಯಂಗಾರ್ಯರು 1966ರಲ್ಲಿ ಸುಮಾರು 600 ಛಾಯಾಚಿತ್ರಗಳೊಡನೆ ಪ್ರಕಟಿಸಿದ 'ಲೈಟ್ ಆನ್ ಯೋಗ' ಗ್ರಂಥದಿಂದ, ಅವರನ್ನು ಎಂದೂ ಕಾಣದ ಲಕ್ಷಾಂತರ ಜನ ಯೋಗಾಭ್ಯಾಸಕ್ಕೆ ತೊಡಗಿದರು.

ಇನ್ನೊಂದು ಉದಾಹರಣೆ ನಮ್ಮ ಬಡಾವಣೆಯ ಹೆದ್ದಾರಿಗೆ ಹೆಸರಾದವರದೇ. 1983ರಲ್ಲಿ ತೆರೆಕಂಡ 'ಕಾಮನಬಿಲ್ಲು' ಚಿತ್ರದಲ್ಲಿ ಡಾ. ರಾಜ್‌ಕುಮಾರ್ ಅವರು ಯೋಗಾಸನಗಳನ್ನು ಮಾಡಿ ತೋರಿಸಿದರು. ಆಗ ಅವರಿಗೆ ಐವತ್ತು ದಾಟಿತ್ತು. ಅದನ್ನು ನೋಡಿ ಎಷ್ಟೋ ತರುಣರು ಮರುದಿನವೇ ಚಾಪೆ ಹಾಸಿದರು, ಎಷ್ಟೋ ಮಂದಿ ಮೂರನೆಯ ದಿನವೇ ಅದನ್ನು ಸುತ್ತಿಟ್ಟರು. ತೆರೆಯ ಮೇಲೆ ಕಂಡದ್ದು ಕೆಲವು ನಿಮಿಷ, ಅದರ ಹಿಂದೆ ಇದ್ದದ್ದು ಗುರುವಿನ ಮಾರ್ಗದರ್ಶನದಲ್ಲಿ ನಡೆಸಿದ ವರ್ಷಗಳ ಸಾಧನೆ. ತೆರೆಯ ಗುಣವೂ ದೋಷವೂ ಎರಡೂ ಇದರಲ್ಲಿವೆ. ಅದು ಉತ್ಸಾಹವನ್ನು ಕ್ಷಣದಲ್ಲಿ ಕೊಡುತ್ತದೆ, ಸಾಧನೆಯ ಕಾಲವನ್ನು ಮಾತ್ರ ಮರೆಮಾಡುತ್ತದೆ.

ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿಯವರಂತೆ ಊರೂರಿಗೆ ತಿರುಗಿ ತರುಣರಿಗೆ ವ್ಯಾಯಾಮವನ್ನೂ ಯೋಗವನ್ನೂ ಕಲಿಸುವ ಮಹನೀಯರು ಪ್ರತಿ ಬೀದಿಗೆ ಒಬ್ಬರು ದೊರೆಯುವುದಿಲ್ಲ. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಾಗ ವ್ಯಾಯಾಮಶಾಲೆಗಳು ಆಗಸ್ಟ್ ತಿಂಗಳವರೆಗೆ ಮುಚ್ಚಿದ್ದವು, ಉದ್ಯಾನಗಳಿಗೂ ಬೀಗ ಬಿದ್ದಿತ್ತು. ಆ ದಿನಗಳಲ್ಲಿ ಮನೆಯ ತೆರೆಯೇ ಗರಡಿಮನೆಯಾಯಿತು. ಅಂದು ಬೆಳೆದ ರೂಢಿ ಇಂದಿಗೂ ಉಳಿದಿದೆ. ಆದ್ದರಿಂದ ವಿಡಿಯೊ ಬೇಕೇ ಬೇಡವೇ ಎಂಬ ಚರ್ಚೆಯ ಕಾಲ ಮುಗಿಯಿತು. ಎಂತಹದನ್ನು ಕೊಳ್ಳಬೇಕು, ಹೇಗೆ ಬಳಸಬೇಕು ಎಂಬುದೇ ಈಗಿನ ಪ್ರಶ್ನೆ.

ಕೊಂಡದ್ದು ಎಂದರೆ ಏನು?

'ಯೋಗ ಮಕರಂದ'ದ ಪ್ರತಿಯೊಂದನ್ನು ನಿಮ್ಮ ತಾತ ಕೊಂಡಿದ್ದರೆ ಅದು ಇಂದಿಗೂ ನಿಮ್ಮ ಮನೆಯ ಕಪಾಟಿನಲ್ಲಿ ಇರಬಹುದು. ಪ್ರಕಾಶಕರು ಬಂದು ಅದನ್ನು ಹಿಂದಕ್ಕೆ ಒಯ್ಯಲಾರರು. ವಿಡಿಯೊಗಳ ಮಾರಾಟದಲ್ಲಿ ಹಾಗಲ್ಲ. 'ಖರೀದಿಸಿ' ಎಂಬ ಒಂದೇ ಗುಂಡಿಯ ಹಿಂದೆ ಮೂರು ಬಗೆಯ ವ್ಯವಹಾರಗಳಿವೆ.

ಮೊದಲನೆಯದು, ವಿಡಿಯೊದ ಕಡತವನ್ನೇ ಕೊಡುವುದು. ಹಣ ಕೊಟ್ಟ ಮೇಲೆ ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಇಟ್ಟುಕೊಳ್ಳಬಹುದು. ಇಂಟರ್‌ನೆಟ್ ಇರಲಿ, ಇಲ್ಲದಿರಲಿ, ಮಾರಿದವರ ಅಂಗಡಿ ಮುಚ್ಚಲಿ, ಕಡತ ನಮ್ಮಲ್ಲಿರುತ್ತದೆ. ಎರಡನೆಯದು, ಆ್ಯಪ್‌ನ ಒಳಗೆ ಮಾತ್ರ ಇಳಿಸಿಕೊಳ್ಳಲು ಬಿಡುವುದು. 'ಡೌನ್‌ಲೋಡ್' ಎಂಬ ಹೆಸರು ಇಲ್ಲಿಯೂ ಇದೆ. ಆದರೆ ಆ ಕಡತಕ್ಕೆ ಬೀಗವಿರುತ್ತದೆ. ಅದನ್ನು ಪೆನ್‌ಡ್ರೈವಿಗೆ ಹಾಕಿ ಟಿವಿಯಲ್ಲಿ ನೋಡಲಾಗುವುದಿಲ್ಲ. ನಿಗದಿತ ದಿನಗಳೊಳಗೆ ಮತ್ತೆ ಇಂಟರ್‌ನೆಟ್ ಸಂಪರ್ಕ ಕೊಡದಿದ್ದರೆ ಅನೇಕ ವೇಳೆ ತೆರೆಯುವುದೂ ಇಲ್ಲ. ಮೂರನೆಯದು ಚಂದಾ. ತಿಂಗಳು ತಿಂಗಳು ಹಣ ಕಟ್ಟುವವರೆಗೆ ಪಾಠ, ಕಟ್ಟುವುದನ್ನು ನಿಲ್ಲಿಸಿದ ದಿನ ಬಾಗಿಲು ಬಂದ್.

ಇವುಗಳಲ್ಲಿ ಯಾವುದೂ ಮೋಸವೆಂದು ನಾನು ಹೇಳುತ್ತಿಲ್ಲ. ಬಾಡಿಗೆ ಮನೆಯಲ್ಲಿ ವಾಸಿಸುವುದು ಅಪರಾಧವೇ? ಅಲ್ಲ. ಆದರೆ ಬಾಡಿಗೆಗೆ ಪಡೆದದ್ದನ್ನು ಕ್ರಯಕ್ಕೆ ಪಡೆದೆನೆಂದು ಭಾವಿಸಿದರೆ ಮುಂದೆ ದುಃಖ ತಪ್ಪದು. 2009ರಲ್ಲಿ ಅಮೆಜಾನ್ ಸಂಸ್ಥೆಯು ಹಕ್ಕಿನ ತೊಡಕಿನಿಂದಾಗಿ ತಾನೇ ಮಾರಿದ್ದ ಜಾರ್ಜ್ ಆರ್ವೆಲ್ ಅವರ ಕಾದಂಬರಿಗಳ ಪ್ರತಿಗಳನ್ನು ಓದುಗರ ಕಿಂಡಲ್ ಸಾಧನಗಳಿಂದ ದೂರದಿಂದಲೇ ಅಳಿಸಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಮಳಿಗೆಯನ್ನು ಮುಚ್ಚಿದಾಗ, ಜನ ಕೊಂಡಿದ್ದ ಪುಸ್ತಕಗಳು ತೆರೆಯದಾದವು. ಎರಡೂ ಸಂಸ್ಥೆಗಳು ಹಣವನ್ನು ಹಿಂದಿರುಗಿಸಿದವು ನಿಜ. ಆದರೆ ಪುಸ್ತಕ ಹೋಯಿತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2025ರ ಜನವರಿ 1ರಿಂದ ಒಂದು ಕಾನೂನು ಜಾರಿಯಲ್ಲಿದೆ. ಅದರಂತೆ, ಬಳಕೆಯ ಅನುಮತಿಯನ್ನಷ್ಟೇ ಕೊಡುವವರು 'ಖರೀದಿ' ಎಂಬ ಪದವನ್ನು ಬಳಸುವಾಗ ಆ ಸಂಗತಿಯನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕು. ಶಾಶ್ವತವಾಗಿ ಇಳಿಸಿಕೊಳ್ಳಲು ಬಿಡುವವರಿಗೆ ಈ ನಿಯಮದಿಂದ ವಿನಾಯಿತಿಯಿದೆ. ಕೈಗೆ ಕೊಟ್ಟದ್ದೇ ಮಾರಾಟ ಎಂಬ ನಮ್ಮ ಹಿರಿಯರ ವ್ಯವಹಾರ ಜ್ಞಾನವೇ ಅಲ್ಲಿ ಕಾನೂನಾಗಿದೆ.

ಆದ್ದರಿಂದ ಹಣ ಕೊಡುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ಕಡತವನ್ನು ಇಳಿಸಿಕೊಳ್ಳಬಹುದೇ, ಇಲ್ಲವೇ ಆ್ಯಪ್‌ನಲ್ಲಿ ಮಾತ್ರ ನೋಡಬೇಕೇ? ಎಷ್ಟು ದಿನದವರೆಗೆ ತೆರೆಯುತ್ತದೆ? ಮನೆಯ ಟಿವಿಯಲ್ಲಿ ನೋಡಲು ಸಾಧ್ಯವೇ? ಹಣ ತಾನಾಗಿಯೇ ಪ್ರತಿ ತಿಂಗಳೂ ಕಡಿತವಾಗುತ್ತದೆಯೇ? ಉತ್ತರವನ್ನು ಬರಹದಲ್ಲಿ ಪಡೆಯಿರಿ. ಬ್ಯಾಂಕ್ ಕಾರ್ಡಿನಿಂದ ತಾನಾಗಿ ಕಡಿತವಾಗುವ ಹಣದ ಬಗ್ಗೆ 24 ಗಂಟೆ ಮುಂಚಿತವಾಗಿ ಸೂಚನೆ ಬರಬೇಕೆಂಬುದು 2021ರ ಅಕ್ಟೋಬರ್‌ನಿಂದ ಪೂರ್ಣವಾಗಿ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮ. ಆ ಸಂದೇಶವನ್ನು ಓದದೆ ಅಳಿಸಬೇಡಿರಿ. ಸುಲಭವಾಗಿ ಸೇರಿಸಿಕೊಂಡು, ಬಿಡಿಸಿಕೊಳ್ಳಲು ಮಾತ್ರ ಹತ್ತು ಬಾಗಿಲು ಸುತ್ತಿಸುವ ಚಂದಾ ಬಲೆಯನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ ತಿಂಗಳ ತನ್ನ ಮಾರ್ಗಸೂಚಿಯಲ್ಲಿ ಹದಿಮೂರು ಬಗೆಯ ವಂಚಕ ವಿನ್ಯಾಸಗಳೊಳಗೆ ಸೇರಿಸಿದೆ. ತೊಂದರೆಯಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಕೈಯಳತೆಯ ತೆರೆ ಬೇಡ

ಇನ್ನು ನೋಡುವ ಬಗೆ. ಮೊಬೈಲಿನ ತೆರೆ ಅಂಗೈಯಷ್ಟು. ಅದರೊಳಗಿನ ಶಿಕ್ಷಕರು ಬೆರಳಿನಷ್ಟು. ಅವರ ಮೊಣಕಾಲು ಎತ್ತ ತಿರುಗಿದೆ, ಹಿಮ್ಮಡಿ ನೆಲದಲ್ಲಿದೆಯೇ ಎಂಬುದು ಅರವತ್ತರ ಕಣ್ಣಿಗೆ ಕಾಣುವುದಿಲ್ಲ. ಕಾಣಲೆಂದು ಕತ್ತು ಚಾಚಿದರೆ ಭಂಗಿಯೇ ಕೆಡುತ್ತದೆ. ಬೆನ್ನನ್ನು ನೆಟ್ಟಗಾಗಿಸಲೆಂದು ಮಾಡುವ ವ್ಯಾಯಾಮವನ್ನು ಬೆನ್ನು ಬಗ್ಗಿಸಿ ನೋಡುತ್ತಾ ಮಾಡುವುದಕ್ಕಿಂತ ವಿಪರ್ಯಾಸ ಬೇರೊಂದಿಲ್ಲ. ನಡುಮನೆಯ ಟಿವಿಯೇ ಇದಕ್ಕೆ ತಕ್ಕ ಸ್ಥಳ.

ಇದು ಕಷ್ಟದ ಕೆಲಸವಲ್ಲ. ಎಂಪಿ4 ರೂಪದ ಕಡತಗಳು ಈಗಿನ ಬಹುತೇಕ ಟಿವಿಗಳಲ್ಲಿ ನಡೆಯುತ್ತವೆ. ಅವನ್ನು ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಪೆನ್‌ಡ್ರೈವಿಗೆ ಹಾಕಿ, ಟಿವಿಯ ಹಿಂಬದಿಯ ಯುಎಸ್‌ಬಿ ಕಿಂಡಿಗೆ ಸೇರಿಸಿದರೆ ಸಾಕು. ಒಂದು ಗಂಟೆಯ ಪಾಠ ಸಾಧಾರಣವಾಗಿ ಒಂದೆರಡು ಜಿಬಿ ಜಾಗವನ್ನು ಬೇಡುತ್ತದೆ. 32 ಜಿಬಿಯ ಪೆನ್‌ಡ್ರೈವಿನಲ್ಲಿ ಒಂದು ವರ್ಷಕ್ಕೆ ಸಾಕಾಗುವಷ್ಟು ಪಾಠ ಹಿಡಿಯುತ್ತದೆ. ಹಳೆಯ ಟಿವಿಗಳು ಬಯಸುವ ಫ್ಯಾಟ್32 ಎಂಬ ವಿನ್ಯಾಸದಲ್ಲಿ ನಾಲ್ಕು ಜಿಬಿಗಿಂತ ದೊಡ್ಡ ಕಡತ ಕೂರುವುದಿಲ್ಲ. ಆಗ ಪಾಠವನ್ನು ಎರಡು ತುಂಡಾಗಿ ಪಡೆಯಬೇಕು. ಚಿತ್ರ ಬಾರದೆ ಧ್ವನಿ ಮಾತ್ರ ಬಂದರೆ, ಕಡತವನ್ನು ಕುಗ್ಗಿಸಿರುವ ಹೊಸ ಬಗೆಯನ್ನು ನಿಮ್ಮ ಟಿವಿ ಓದಲಾರದೆಂದು ತಿಳಿಯಿರಿ. ಹಳೆಯ ಎಚ್.264 ಬಗೆಯ ಪ್ರತಿಯನ್ನು ಮಾರಿದವರಿಂದ ಕೇಳಿ ಪಡೆಯಿರಿ. ಪೆನ್‌ಡ್ರೈವ್ ಎಂದಾದರೂ ಕೆಡುವ ವಸ್ತುವಾದ್ದರಿಂದ ಮೂಲ ಪ್ರತಿಯೊಂದು ಕಂಪ್ಯೂಟರಿನಲ್ಲಿಯೂ ಇರಲಿ. ಮೊಬೈಲಿನಿಂದ ನೇರವಾಗಿ ಟಿವಿಗೆ ಬಿಂಬಿಸುವುದಾದರೆ ಸಾಮಾನ್ಯವಾಗಿ ಎರಡೂ ಒಂದೇ ವೈಫೈ ಜಾಲದಲ್ಲಿರಬೇಕಾಗುತ್ತದೆ. ಜಾಲ ನಿಧಾನವಾದರೆ ಶಿಕ್ಷಕರು ನಿಂತುಬಿಡುವರೆಂಬುದನ್ನು ಮರೆಯಬೇಡಿರಿ. ಮಕ್ಕಳೋ ಮೊಮ್ಮಕ್ಕಳೋ ರಜೆಗೆ ಬಂದಾಗ ಅರ್ಧ ಗಂಟೆ ಕುಳಿತು ಇದನ್ನು ಅಣಿಮಾಡಿಕೊಟ್ಟರೆ, ಅವರು ತರುವ ಸಿಹಿತಿಂಡಿಯ ಪೆಟ್ಟಿಗೆಗಿಂತ ಅದು ಹಿತವಾದ ಉಡುಗೊರೆ.

ಟಿವಿಯ ನಡುಭಾಗವು ನಿಂತವರ ಎದೆಯ ಮಟ್ಟದಲ್ಲಿರಲಿ. ಕೈಕಾಲು ಚಾಚಿದರೆ ಮೇಜು ಕುರ್ಚಿ ತಾಗದಷ್ಟು ಅಂತರವಿರಲಿ. ನುಣುಪಾದ ನೆಲದ ಮೇಲೆ ಕಾಲುಚೀಲ ಧರಿಸಿ ಮಾಡಬೇಡಿರಿ. ಮೊದಲ ಬಾರಿ ವ್ಯಾಯಾಮ ಮಾಡದೆ ಸುಮ್ಮನೆ ಕುಳಿತು ಪೂರ್ತಿ ಪಾಠವನ್ನು ನೋಡಿರಿ. ಮುಂದೇನು ಬರುವುದೆಂದು ತಿಳಿದಿದ್ದರೆ, ಭಂಗಿಯ ನಡುವೆ ಕತ್ತು ತಿರುಗಿಸಿ ತೆರೆಯನ್ನು ನೋಡುವ ಅಗತ್ಯ ಬೀಳದು.

ಅರ್ಧಶಕ್ತಿಯ ನಿಯಮ

ಈಗ ವೈದ್ಯನಾಗಿ ನಾನು ಹೇಳಬೇಕಾದ ಮುಖ್ಯ ಮಾತು. ವಾಗ್ಭಟಾಚಾರ್ಯರು 'ಅಷ್ಟಾಂಗಹೃದಯ'ದ ದಿನಚರ್ಯೆಯ ಅಧ್ಯಾಯದಲ್ಲಿ ವ್ಯಾಯಾಮದ ಫಲಗಳನ್ನು ವಿವರಿಸುತ್ತಾರೆ. ದೇಹಕ್ಕೆ ಲಘುತ್ವ, ಕೆಲಸ ಮಾಡುವ ಸಾಮರ್ಥ್ಯ, ಜಠರಾಗ್ನಿಯ ದೀಪನ, ಮೇದಸ್ಸಿನ ಕ್ಷಯ, ಅಂಗಾಂಗಗಳ ದೃಢತೆ ಇವೆಲ್ಲವೂ ಅದರಿಂದ ದೊರೆಯುತ್ತವೆ. ಆದರೆ ಅದೇ ಸ್ಥಳದಲ್ಲಿ ಅವರು ಮಿತಿಯನ್ನೂ ಹಾಕುತ್ತಾರೆ. ಬಲವಂತರಾದವರು, ಸ್ನಿಗ್ಧವಾದ ಆಹಾರವನ್ನು ಸೇವಿಸುವವರು ಕೂಡ ಶೀತಕಾಲದಲ್ಲಿಯೂ ವಸಂತದಲ್ಲಿಯೂ ತಮ್ಮ ಶಕ್ತಿಯ ಅರ್ಧದಷ್ಟನ್ನು ಮಾತ್ರ ಬಳಸಬೇಕು, ಉಳಿದ ಋತುಗಳಲ್ಲಿ ಇನ್ನೂ ಕಡಿಮೆ. ಅತಿಯಾದರೆ ಬಾಯಾರಿಕೆ, ಕೃಶತೆ, ಉಬ್ಬಸ, ರಕ್ತಪಿತ್ತ, ಕೆಮ್ಮು, ಜ್ವರ, ವಾಂತಿಗಳು ಬರುತ್ತವೆ ಎಂದು ಎಚ್ಚರಿಸುತ್ತಾರೆ.

ಅರ್ಧಶಕ್ತಿಯನ್ನು ತಿಳಿಯುವುದು ಹೇಗೆ? ಸುಶ್ರುತರ ಪ್ರಕಾರ ಉಸಿರು ಬಾಯಿಗೆ ಬರತೊಡಗುವುದೇ ಅದರ ಗುರುತು. ಹಣೆ, ಮೂಗು, ಕಂಕುಳು, ಸಂಧಿಗಳಲ್ಲಿ ಬೆವರು ಮೂಡುವುದನ್ನೂ ಬಾಯಿ ಒಣಗುವುದನ್ನೂ ಅದಕ್ಕೆ ಸೇರಿಸಿ ಹೇಳುವ ಪರಂಪರೆಯಿದೆ. ಇಂದಿನ ವೈದ್ಯವಿಜ್ಞಾನವು ಇದಕ್ಕೆ ಬಹಳ ಹತ್ತಿರವಾದ ಪರೀಕ್ಷೆಯನ್ನು ಹೇಳುತ್ತದೆ. ವ್ಯಾಯಾಮದ ನಡುವೆ ಮಾತನಾಡಲು ಆಗಬೇಕು, ಹಾಡಲು ಮಾತ್ರ ಆಗಬಾರದು. ಅದೇ ಮಧ್ಯಮ ಪ್ರಮಾಣ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಇಂತಹ ಮಧ್ಯಮ ಶ್ರಮವನ್ನೂ, ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ಚಟುವಟಿಕೆಯನ್ನೂ ಸೂಚಿಸಿದೆ. ಅರವತ್ತೈದು ದಾಟಿದವರಿಗೆ ಸಮತೋಲನದ ಅಭ್ಯಾಸವನ್ನು ವಾರಕ್ಕೆ ಮೂರು ದಿನ ಹೇಳಿದೆ.

ಎದುರಿಗಿರುವ ಗುರು ನಿಮ್ಮ ಉಸಿರನ್ನು ಕೇಳಬಲ್ಲರು, ಬೆವರನ್ನು ಕಾಣಬಲ್ಲರು, "ಸಾಕು, ಕುಳಿತುಕೊಳ್ಳಿ" ಎನ್ನಬಲ್ಲರು. ವಿಡಿಯೊದಲ್ಲಿರುವವರಿಗೆ ನೀವು ಇದ್ದೀರೆಂಬುದೇ ತಿಳಿಯದು. ಅವರು ಎಂದೋ ಎಣಿಸಿ ಮುಗಿಸಿದ ಎಣಿಕೆಯನ್ನೇ ನಿಮ್ಮ ಮುಂದೆ ಎಣಿಸುತ್ತಾರೆ. ಆ ಎಣಿಕೆ ಇಪ್ಪತ್ತೆಂಟು ವರ್ಷದ ಅವರ ದೇಹದ್ದು, ನಿಮ್ಮದಲ್ಲ. ಆದ್ದರಿಂದ "ಸಾಕು" ಎನ್ನುವ ಗುರುವಿನ ಸ್ಥಾನವನ್ನು ತುಂಬುವುದು ರಿಮೋಟಿನ ನಿಲ್ಲಿಸುವ ಗುಂಡಿ. ಅರ್ಧಶಕ್ತಿಯ ಶಾಸ್ತ್ರವೆಲ್ಲ ಈ ಕಾಲದಲ್ಲಿ ಆ ಒಂದು ಗುಂಡಿಯಲ್ಲಿ ಅಡಗಿದೆ. ಮುಂದಿನ ಪಾಠವನ್ನು ತಾನಾಗಿ ಆರಂಭಿಸುವ, ತಪ್ಪಿದ ದಿನಗಳನ್ನು ಕೆಂಪು ಗುರುತು ಹಾಕಿ ತೋರಿಸುವ, ಇಂತಿಷ್ಟು ದಿನಗಳಲ್ಲಿ ಮುಗಿಸದಿದ್ದರೆ ಬಾಗಿಲು ಮುಚ್ಚುವ ವ್ಯವಸ್ಥೆಗಳು ಆ ಗುಂಡಿಯಿಂದ ನಮ್ಮ ಬೆರಳನ್ನು ಸರಿಸುತ್ತವೆ. ಮನೆಯಲ್ಲಿಯೇ ಇರುವ ಕಡತವು ಇಂದು ಐದು ನಿಮಿಷಕ್ಕೆ ನಿಲ್ಲಿಸಿದರೂ ನಾಳೆ ಅಲ್ಲಿಯೇ ಕಾದಿರುತ್ತದೆ. ಅದಕ್ಕೆ ಆತುರವಿಲ್ಲ. ಆತುರವಿಲ್ಲದ್ದೇ ಆರೋಗ್ಯಕ್ಕೆ ಹಿತ.

ನನ್ನದೇ ತಪ್ಪನ್ನು ಮುಚ್ಚಿಡಲಾರೆ. 2020ರ ಆ ದಿನಗಳಲ್ಲಿ ಮನೆಯೊಳಗೆ ಕುಳಿತು ಬೇಸತ್ತು, ಸೊಸೆ ನೋಡುತ್ತಿದ್ದ ವೇಗದ ವ್ಯಾಯಾಮ ಪಾಠವೊಂದಕ್ಕೆ ನಾನೂ ಹೆಜ್ಜೆ ಹಾಕಿದೆ. ರೋಗಿಗಳಿಗೆ ಅರ್ಧಶಕ್ತಿಯನ್ನು ಮೂವತ್ತು ವರ್ಷ ಬೋಧಿಸಿದವನು ಸೊಸೆಯ ಮುಂದೆ ಸೋಲಬಾರದೆಂಬ ಬಿಂಕದಿಂದ ಪೂರ್ಣಶಕ್ತಿಯನ್ನೇ ಸುರಿದೆ. ಆರು ವಾರ ಸೊಂಟಕ್ಕೆ ತೈಲ ಹಚ್ಚಿಸಿಕೊಳ್ಳಬೇಕಾಯಿತು. ಶಾಸ್ತ್ರ ಬಲ್ಲವನಿಗೇ ತೆರೆಯ ಸೆಳೆತ ಹೀಗಿದ್ದರೆ ಉಳಿದವರ ಪಾಡೇನು?

ಯಾರು ವಿಶೇಷವಾಗಿ ಎಚ್ಚರವಾಗಿರಬೇಕು?

ಅಧಿಕ ರಕ್ತದೊತ್ತಡವಿರುವವರು ತಲೆ ಕೆಳಗಾಗುವ ಭಂಗಿಗಳನ್ನೂ ಉಸಿರು ಬಿಗಿಹಿಡಿಯುವುದನ್ನೂ ಬಿಡಬೇಕು. ಗ್ಲಾಕೋಮಾ ಇರುವವರಿಗೂ ತಲೆ ಕೆಳಗಾಗುವ ಆಸನಗಳು ಸಲ್ಲವು, ಅವು ಕಣ್ಣಿನ ಒತ್ತಡವನ್ನು ಏರಿಸುತ್ತವೆ. ಮುಟ್ಟು ನಿಂತ ನಂತರ ಮೂಳೆ ಸವೆದಿರುವ ತಾಯಂದಿರು ಸೊಂಟದಿಂದ ಮುಂದಕ್ಕೆ ಬಲವಾಗಿ ಬಾಗುವುದನ್ನು ತಪ್ಪಿಸಬೇಕು, ಬೆನ್ನುಮೂಳೆ ಕುಸಿಯುವ ಅಪಾಯವಿದೆ. ಮಂಡಿ ಸವೆದವರಿಗೆ ಜಿಗಿತವೂ ಆಳವಾದ ಬಸ್ಕಿಯೂ ಬೇಡ. ಇನ್ಸುಲಿನ್ ಅಥವಾ ಸಕ್ಕರೆಯನ್ನು ತಗ್ಗಿಸುವ ಮಾತ್ರೆಗಳನ್ನು ತೆಗೆದುಕೊಳ್ಳುವವರು, ವ್ಯಾಯಾಮದ ನಡುವೆ ನಡುಕ, ತಣ್ಣನೆಯ ಬೆವರು, ಕಣ್ಣು ಮಂಜಾಗುವುದು ಕಂಡರೆ ತಕ್ಷಣ ತಿನ್ನಲು ಸಕ್ಕರೆಯನ್ನು ಹತ್ತಿರವೇ ಇಟ್ಟುಕೊಳ್ಳಬೇಕು. ಮಧುಮೇಹಿಗಳಲ್ಲಿ ಭುಜ ಬಿಗಿಯುವ ತೊಂದರೆ ಇತರರಿಗಿಂತ ಹೆಚ್ಚಾದ್ದರಿಂದ ಭುಜದ ನೋವನ್ನು ಅಲಕ್ಷಿಸಬಾರದು. ಯಾರೇ ಆಗಲಿ, ಊಟವಾಗಿ ಎರಡು ಮೂರು ಗಂಟೆ ಕಳೆಯದೆ ಚಾಪೆ ಹಾಸಬಾರದು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು ತಮ್ಮ 46ನೆಯ ವಯಸ್ಸಿನಲ್ಲಿ ಹೃದಯಾಘಾತಕ್ಕೊಳಗಾಗಿ ಅಗಲಿದಾಗ, ವ್ಯಾಯಾಮವನ್ನೇ ಬಿಟ್ಟುಬಿಡಬೇಕೇ ಎಂದು ಕೇಳುತ್ತಾ ಅನೇಕರು ನನ್ನಲ್ಲಿಗೆ ಬಂದರು. ಬಿಡಬೇಡಿರಿ ಎಂದೇ ಹೇಳಿದೆ, ಇಂದಿಗೂ ಅದನ್ನೇ ಹೇಳುತ್ತೇನೆ. ಕುಳಿತೇ ಇರುವುದರಿಂದ ಹೃದಯಕ್ಕೆ ಆಗುವ ಹಾನಿ ಹಿತಮಿತವಾದ ವ್ಯಾಯಾಮದಿಂದ ಆಗುವುದಿಲ್ಲ. ಆದರೆ ಎದೆಯಲ್ಲಿ ಭಾರ, ಎಡತೋಳಿಗೋ ದವಡೆಗೋ ಹರಡುವ ನೋವು, ಕಾರಣವಿಲ್ಲದ ಉಸಿರಾಟದ ಕಷ್ಟ, ಕಣ್ಣು ಕತ್ತಲೆ ಕಾಣಿಸಿದರೆ ವಿಡಿಯೊ ಮುಗಿಯಲಿ ಎಂದು ಕಾಯಬೇಡಿರಿ. ಕಷಾಯ ಕುಡಿದು ನೋಡೋಣ ಎಂದೂ ಕೂರಬೇಡಿರಿ. ಆಯುರ್ವೇದ ವೈದ್ಯನಾಗಿಯೇ ಹೇಳುತ್ತಿದ್ದೇನೆ, ಆ ಹೊತ್ತಿಗೆ ಬೇಕಾದದ್ದು 108 ಆಂಬುಲೆನ್ಸ್ ಮತ್ತು ಹೃದ್ರೋಗದ ಆಸ್ಪತ್ರೆ.

ಹಂಚುವ ವಿಷಯದಲ್ಲಿ ಒಂದು ಮಾತು

ಕಡತ ಕೈಗೆ ಬಂದೊಡನೆ ನಮ್ಮಲ್ಲಿ ಉದಾರ ಬುದ್ಧಿ ಜಾಗೃತವಾಗುತ್ತದೆ. ತಂಗಿಗೆ ಒಂದು ಪ್ರತಿ, ಬೀಗರಿಗೆ ಒಂದು, ಬೆಳಗಿನ ವಾಯುವಿಹಾರದ ಬಳಗದ ವಾಟ್ಸ್‌ಆ್ಯಪ್ ಗುಂಪಿಗೆ ಒಂದು. "ಒಳ್ಳೆಯದನ್ನು ಹಂಚಿದರೆ ಪುಣ್ಯವಲ್ಲವೇ ಡಾಕ್ಟರೇ, ಇದೂ ದಾಸೋಹವೇ" ಎಂದು ಹಿರಿಯರೊಬ್ಬರು ನನ್ನೊಡನೆ ವಾದಿಸಿದರು. ನಾನು ಒಪ್ಪಲಿಲ್ಲ. ದಾಸೋಹವೆಂದರೆ ನಮ್ಮ ಕಾಯಕದ ಫಲವನ್ನು ಹಂಚುವುದು, ಅನ್ಯರ ಕಾಯಕದ ಫಲವನ್ನು ಅವರನ್ನು ಕೇಳದೆ ಹಂಚುವುದಲ್ಲ. ಆ ಪಾಠವನ್ನು ಸಿದ್ಧಪಡಿಸಿದವರೂ ಕಾಯಕಜೀವಿಗಳೇ. ಕಡತವನ್ನು ನಂಬಿಕೆಯಿಂದ ಕೈಗೆ ಕೊಡುವ ಶಿಕ್ಷಕರು, ಅದು ಊರೆಲ್ಲ ಹರಿದಾಡಿದ್ದನ್ನು ಕಂಡರೆ ಮುಂದಿನ ಬಾರಿ ಬೀಗ ಹಾಕಿಯೇ ಮಾರುತ್ತಾರೆ. ಆಗ ತೊಂಬತ್ತು ದಿನದ ಗಡುವು ನಮಗೆಲ್ಲ ಮರಳಿ ಬರುತ್ತದೆ.

ಕಾನೂನೂ ಇದನ್ನೇ ಹೇಳುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಪ್ರಕರಣವು ಖಾಸಗಿಯಾದ, ಸ್ವಂತದ ನ್ಯಾಯಯುತ ಬಳಕೆಗೆ ಅವಕಾಶ ಕೊಟ್ಟಿದೆ. ಪ್ರತಿಗಳನ್ನು ತೆಗೆದು ಹಂಚುವುದು ಅದರೊಳಗೆ ಬರುವುದಿಲ್ಲ. ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಕಡತದ ಬೀಗವನ್ನು ಮುರಿಯುವುದನ್ನು 2012ರಲ್ಲಿ ಸೇರಿಸಿದ 65ಎ ಪ್ರಕರಣವು ಶಿಕ್ಷಾರ್ಹವೆಂದು ಸಾರಿದೆ. ಬೀಗವನ್ನು ಮುರಿಯುವ ಉಪಾಯ ಹುಡುಕುವುದಕ್ಕಿಂತ, ಬೀಗ ಹಾಕದೆ ಕೊಡುವವರನ್ನು ಹುಡುಕಿ ಅವರಿಗೆ ಹಣ ಕೊಡುವುದು ಮೇಲು. ತಂಗಿಗೆ ಬೇಕೆಂದಾದರೆ ಮನೆಗೆ ಕರೆಯಿರಿ, ಟಿವಿಯ ಮುಂದೆ ಇಬ್ಬರೂ ಒಟ್ಟಿಗೆ ಚಾಪೆ ಹಾಸಿರಿ. ಒಬ್ಬರ ಭಂಗಿಯನ್ನು ಇನ್ನೊಬ್ಬರು ತಿದ್ದಬಹುದು. ವಿಡಿಯೊ ಕೊಡಲಾರದ ಕಣ್ಣು ಅದು.

ಹಣ ಕೊಡಲು ಆಗದವರು ಚಿಂತಿಸಬೇಕಾಗಿಲ್ಲ. 2015ರಿಂದ ಪ್ರತಿ ವರ್ಷ ಜೂನ್ 21ರಂದು ಆಚರಿಸುವ ಅಂತರರಾಷ್ಟ್ರೀಯ ಯೋಗ ದಿನಕ್ಕೆಂದು ಆಯುಷ್ ಸಚಿವಾಲಯವು ರೂಪಿಸಿದ 45 ನಿಮಿಷದ ಸಾಮಾನ್ಯ ಯೋಗ ಶಿಷ್ಟಾಚಾರದ ವಿಡಿಯೊ ಉಚಿತವಾಗಿ ದೊರೆಯುತ್ತದೆ. ಪ್ರಾರ್ಥನೆಯಾದೊಡನೆ ಕೊರಳು, ಭುಜ, ಸೊಂಟ, ಮಂಡಿಗಳನ್ನು ಸಡಿಲಗೊಳಿಸುವ ಅಭ್ಯಾಸ ಅದರಲ್ಲಿ ಬರುತ್ತದೆ, ಆ ಭಾಗವೊಂದೇ ಅನೇಕ ಹಿರಿಯರಿಗೆ ಸಾಕು. ಬಡಾವಣೆಯ ಉದ್ಯಾನದಲ್ಲಿ ಮುಂಜಾನೆಯ ಅರ್ಧ ಗಂಟೆಯ ನಡಿಗೆಗೆ ಯಾವ ಚಂದಾವೂ ಇಲ್ಲ.

ಕೊನೆಯದಾಗಿ ಒಂದು ಆಕ್ಷೇಪಕ್ಕೆ ಉತ್ತರ. ಕಡತ ಮನೆಯಲ್ಲಿಯೇ ಇದ್ದರೆ ತಪ್ಪನ್ನೂ ವರ್ಷಗಟ್ಟಲೆ ನೆಮ್ಮದಿಯಾಗಿ ಮಾಡುತ್ತಾ ಹೋಗಬಹುದಲ್ಲವೇ? ಹೌದು, ಈ ಅಪಾಯವಿದೆ. ಅದಕ್ಕೆ ಪರಿಹಾರವೂ ಸರಳ. ಎರಡು ಮೂರು ತಿಂಗಳಿಗೊಮ್ಮೆ ಬಲ್ಲ ಶಿಕ್ಷಕರ ಮುಂದೆಯೋ, ಫಿಸಿಯೋಥೆರಪಿ ಬಲ್ಲವರ ಮುಂದೆಯೋ, ನಿಮ್ಮ ವೈದ್ಯರ ಮುಂದೆಯೋ ಅದೇ ಪಾಠವನ್ನು ಒಮ್ಮೆ ಮಾಡಿ ತೋರಿಸಿರಿ. ಗ್ರಂಥ ಮನೆಯಲ್ಲಿರಲಿ, ಗುರು ಊರಿನಲ್ಲಿರಲಿ. ಎರಡೂ ಬೇಕು.

ಆ ಶಿಕ್ಷಕಿಯ ಭುಜ ಪೂರ್ತಿ ಮೇಲೇಳಲು ಐದು ತಿಂಗಳು ಹಿಡಿಯಿತು. ತೈಲಾಭ್ಯಂಗ, ಸ್ವೇದನ, ಗೋಡೆಯ ಮೇಲೆ ಬೆರಳು ನಡೆಸುವ ಸರಳ ಅಭ್ಯಾಸ ಇವೇ ಚಿಕಿತ್ಸೆ. ತೊಂಬತ್ತು ದಿನದ ಪಾಠ ಅಷ್ಟರೊಳಗೆ ತಾನಾಗಿ ಮುಚ್ಚಿಹೋಗಿತ್ತು. ಮಗ ಬೇಸಿಗೆಯಲ್ಲಿ ಬಂದಾಗ, ಕಡತವನ್ನೇ ಕೊಡುವ ಶಿಕ್ಷಕರೊಬ್ಬರಿಂದ ಹಿರಿಯರಿಗೆಂದೇ ಮಾಡಿದ ಇಪ್ಪತ್ತು ನಿಮಿಷದ ಆರು ಪಾಠಗಳನ್ನು ಕೊಂಡು ಟಿವಿಗೆ ಅಳವಡಿಸಿಕೊಟ್ಟ. ಮೊನ್ನೆ ಸಕ್ಕರೆಯ ಪರೀಕ್ಷೆಯ ಫಲಿತಾಂಶವನ್ನು ತೋರಿಸಲು ಬಂದಿದ್ದರು. ಸಂಖ್ಯೆ ಇಳಿದಿತ್ತು. "ಎಷ್ಟನೆಯ ಪಾಠದಲ್ಲಿದ್ದೀರಿ ತಾಯಿ?" ಎಂದು ಕೇಳಿದೆ.

"ಮೊದಲನೆಯದರಲ್ಲೇ ಇದ್ದೇನೆ ಡಾಕ್ಟರೇ. ಈಗಲೂ ನಡುವೆ ಎರಡು ಸಲ ನಿಲ್ಲಿಸುತ್ತೇನೆ. ಅದೇನು ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ" ಎಂದರು.

ಸದ್ಭಕ್ತರೆಲ್ಲರಿಗೂ ಆ ನಿರಾತಂಕವೂ ಆಯುರಾರೋಗ್ಯವೂ ಲಭಿಸಲಿ.